ಕೀಚಕನ ಚಿತ್ರ, ಸೈರಂಧ್ರಿಯ ದೂರು

ದುಷ್ಟನೊಬ್ಬನನ್ನು ಕವಿಯು ಸೊಗಸಾಗಿ ಚಿತ್ರಿಸಿದರೆ ಅದನ್ನು ಮೆಚ್ಚಿ ಓದುವುದು ತಪ್ಪೆ? ಹೆಣ್ಣುಮಕ್ಕಳಿರುವ ಮನೆಗೆ ಅಂಥ ಪುಸ್ತಕ ತರಬಹುದೆ? ಕಾದಂಬರಿಗಳ ವಿಷಯದಲ್ಲಿ ಮತ್ತೆ ಮತ್ತೆ ಏಳುವ ಈ ಪ್ರಶ್ನೆ ಹೊಸದೇನಲ್ಲ. ಮಂಡ್ಯದ ಕೆರಗೋಡಿನ ಸೀಮೆ ಪೌರಾಣಿಕ ನಾಟಕಗಳನ್ನು ಮೆಚ್ಚುವ ಸೀಮೆ; ಅಲ್ಲಿಯ ಜನಕ್ಕೆ ಕೀಚಕನು ಅಪರಿಚಿತನಲ್ಲ.

ಕುಮಾರವ್ಯಾಸನ ವಿರಾಟಪರ್ವವನ್ನೇ ನೋಡೋಣ. ಸೈರಂಧ್ರಿ ಅರಮನೆಯಲ್ಲಿ ದುಡಿಯುವ ಹೆಂಗಸು. ಕೀಚಕನು ರಾಣಿಯ ಸೋದರ, ಸೇನೆಗೆ ಒಡೆಯ. ಅವನು ಮೊದಲಿಗೆ ಹೊಗಳುತ್ತಾನೆ, ಅಂಗಲಾಚುತ್ತಾನೆ. ಒಲ್ಲೆನೆಂದವಳನ್ನು ಕೊನೆಗೆ ತುಂಬಿದ ಸಭೆಯಲ್ಲಿ ಒದೆಯುತ್ತಾನೆ. ಅವಳು ಅಲ್ಲಿಯೇ ದೂರಿತ್ತರೂ ವಿರಾಟನಿಂದ ನ್ಯಾಯ ದೊರೆಯಲಿಲ್ಲ. ಕೀಚಕನು ಸತ್ತ ಮೇಲೆ ಅವನ ತಮ್ಮಂದಿರು ಎಲ್ಲಕ್ಕೂ ಅವಳೇ ಕಾರಣವೆಂದು ಹೆಣದೊಡನೆ ಸುಡಲು ಎಳೆದೊಯ್ದರು. ದುಡಿಯುವೆಡೆಯಲ್ಲಿ ಹೆಣ್ಣಿಗಾಗುವ ಲೈಂಗಿಕ ಕಿರುಕುಳವನ್ನು ತಡೆಯುವ ಕಾಯಿದೆ ನಮ್ಮಲ್ಲಿ ಬಂದದ್ದು 2013ರಲ್ಲಿ. ಅಧಿಕಾರದ ಸೊಕ್ಕು, ಕಂಡವರ ಮೌನ, ನೊಂದವಳ ತಲೆಗೇ ಅಪರಾಧವನ್ನು ಕಟ್ಟುವ ಕ್ರೌರ್ಯ, ಈ ಮೂರನ್ನೂ ಕಾವ್ಯವು ಶತಮಾನಗಳ ಹಿಂದೆಯೇ ಕಂಡಿತ್ತು.

ಹೊಯ್ಸಳರ ಕಾಲದ ಜನ್ನಕವಿ ಒಡ್ಡುವ ಪರೀಕ್ಷೆ ಇನ್ನೂ ಕಠಿಣವಾದುದು. 1230ರ ಅವನ ‘ಅನಂತನಾಥ ಪುರಾಣ’ದಲ್ಲಿ ಚಂಡಶಾಸನನು ಗೆಳೆಯ ವಸುಷೇಣನ ಅತಿಥಿಯಾಗಿ ಬಂದು, ಅವನ ಮಡದಿ ಸುನಂದೆಯನ್ನು ಅಪಹರಿಸುತ್ತಾನೆ. ಅವಳು ಒಲಿಯುವುದಿಲ್ಲ. ಗಂಡನದೆಂದು ತೋರಿಸಿದ ಕೃತಕ ಶಿರವನ್ನು ಕಂಡು ಪ್ರಾಣ ಬಿಡುತ್ತಾಳೆ. ಚಂಡಶಾಸನನು ಅವಳ ಚಿತೆಯಲ್ಲಿಯೇ ಬೆಂದುಹೋಗುತ್ತಾನೆ. ಓದುವವನ ಕಣ್ಣು ಆಗ ತೇವಗೊಂಡರೆ ಅದು ಕವಿಯ ಶಕ್ತಿ. ಆದರೆ ಆ ಕಣ್ಣೀರು ಯಾರಿಗಾಗಿ? ಉರಿಯುವವನ ಪ್ರೇಮವನ್ನು ಕೊಂಡಾಡುತ್ತ, ಒಲ್ಲೆನೆಂದು ಸತ್ತವಳನ್ನು ಮರೆತರೆ ಸೋತದ್ದು ಕಾವ್ಯವಲ್ಲ, ಓದು.

ದುಷ್ಟನು ಕೋರೆಹಲ್ಲಿನ ರಾಕ್ಷಸನಾಗಿಯೇ ಕಥೆಯಲ್ಲಿ ಬಂದರೆ ನಮಗೆ ಲಾಭವಿಲ್ಲ. ನಿಜಜೀವನದಲ್ಲಿ ಅವನು ಸವಿಮಾತಿನವನಾಗಿ, ಮನೆಗೆ ಬೇಕಾದವನಾಗಿ, ಕಛೇರಿಯ ಹಿರಿಯನಾಗಿ ಬರುತ್ತಾನೆ. ಒಳ್ಳೆಯ ಲೇಖಕನು ಅವನ ಒಳಮನಸ್ಸನ್ನು ತೆರೆದು ತೋರಿಸುವುದು ಕ್ಷಮಿಸುವುದಕ್ಕಲ್ಲ, ಗುರುತಿಸುವುದಕ್ಕೆ. ಪಾತ್ರವನ್ನು ಅರಿಯುವುದು ಬೇರೆ, ಅದರ ಪಕ್ಷ ವಹಿಸುವುದು ಬೇರೆ.

ಆದುದರಿಂದ ಇಂಥ ಪುಸ್ತಕಗಳನ್ನು ಬೀರುವಿನಲ್ಲಿ ಬಚ್ಚಿಡುವುದಕ್ಕಿಂತ, ಬೆಳೆದ ಮಕ್ಕಳೊಡನೆ ಓದಿ ಮಾತನಾಡುವುದು ಲೇಸು. ಅವಳು ಬೇಡವೆಂದದ್ದು ಯಾರ ಕಿವಿಗೆ ಬಿತ್ತು? ಕೇಳಿಯೂ ಸುಮ್ಮನಿದ್ದವರು ಯಾರು? ಮಗಳಷ್ಟೇ ಅಲ್ಲ, ಮಗನೂ ಈ ಪ್ರಶ್ನೆಗಳಿಗೆ ಉತ್ತರ ಹುಡುಕಲಿ. ವಿರಾಟನ ಸಭೆಯ ಮೌನವು ಮನೆಮನೆಯಲ್ಲಿ ಮುರಿಯಬೇಕಾದುದು ಹಾಗೆ.