ಬ್ಯಾಂಕಿನಿಂದ ಸೋರಿದ್ದು ಯಾವ ಮಾಹಿತಿ? ಮೊದಲು ಅದನ್ನು ಕೇಳಿ

2016ರ ಅಕ್ಟೋಬರ್‌ನಲ್ಲಿ ದೇಶದ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಮಾಹಿತಿ ಕಳ್ಳರ ಕೈ ಸೇರಿರಬಹುದು ಎಂಬ ಸುದ್ದಿ ಹೊರಬಿತ್ತು. ಸ್ಟೇಟ್ ಬ್ಯಾಂಕ್ ಒಂದೇ ಆರು ಲಕ್ಷದಷ್ಟು ಕಾರ್ಡುಗಳನ್ನು ಬ್ಲಾಕ್ ಮಾಡಿತು. ಬೆಂಗಳೂರಿನ ಸಿಸಾ ಸಂಸ್ಥೆ ಇದರ ತಾಂತ್ರಿಕ ತನಿಖೆ ನಡೆಸಿತು. ಕೆಲವು ಬ್ಯಾಂಕುಗಳ ಎಟಿಎಂ ವ್ಯವಹಾರ ನೋಡಿಕೊಳ್ಳುತ್ತಿದ್ದ ಹಿಟಾಚಿ ಪೇಮೆಂಟ್ ಸರ್ವಿಸಸ್ ತನ್ನ ವ್ಯವಸ್ಥೆಯೊಳಗೆ ಕುತಂತ್ರಾಂಶ ನುಸುಳಿದ್ದನ್ನು ಮರುವರ್ಷ ಒಪ್ಪಿಕೊಂಡಿತು. ಆಗ ವರದಿಯಾದ ನಷ್ಟ 641 ಗ್ರಾಹಕರದು, ಮೊತ್ತ ಸುಮಾರು 1.3 ಕೋಟಿ ರೂಪಾಯಿ. ಆ ಗ್ರಾಹಕರು ಯಾವ ಲಿಂಕನ್ನೂ ಒತ್ತಬೇಕಾಗಿರಲಿಲ್ಲ, ಯಾರಿಗೂ ಒಟಿಪಿ ಹೇಳಬೇಕಾಗಿರಲಿಲ್ಲ. ಎಟಿಎಂನಲ್ಲಿ ಕಾರ್ಡು ಹಾಕಿದ್ದಷ್ಟೇ ಸಾಕಾಗಿತ್ತು.

ಅಂದಿನ ಬಹುಪಾಲು ಕಾರ್ಡುಗಳು ಕಾಂತಪಟ್ಟಿಯನ್ನೇ ನಂಬಿದ್ದವು. ಹಿಂಬದಿಯ ಆ ಕಪ್ಪು ಪಟ್ಟಿಯಲ್ಲಿರುವ ಮಾಹಿತಿ ಎಂದೂ ಬದಲಾಗುವುದಿಲ್ಲ. ಒಮ್ಮೆ ಓದಿಕೊಂಡವರು ಅದನ್ನು ಖಾಲಿ ಕಾರ್ಡಿನ ಮೇಲೆ ಬರೆದರೆ ಯಂತ್ರಕ್ಕೆ ಅಸಲಿಗೂ ನಕಲಿಗೂ ವ್ಯತ್ಯಾಸ ತಿಳಿಯದು. ಚಿಪ್ ಕಾರ್ಡಿನ ಕೆಲಸವೇ ಬೇರೆ. ಚಿಪ್ಪಿನೊಳಗೆ ಒಂದು ರಹಸ್ಯ ಕೀಲಿ ಇರುತ್ತದೆ, ಅದು ಹೊರಗೆ ಬರುವುದೇ ಇಲ್ಲ. ಪ್ರತಿ ವ್ಯವಹಾರಕ್ಕೂ ಚಿಪ್ ಆ ಕೀಲಿಯಿಂದ ಹೊಸ ಸಂಕೇತವೊಂದನ್ನು ಲೆಕ್ಕ ಹಾಕಿ ಕೊಡುತ್ತದೆ. ಇಂದಿನ ಸಂಕೇತವನ್ನು ಕದ್ದವನಿಗೆ ನಾಳೆ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದಲೇ ರಿಸರ್ವ್ ಬ್ಯಾಂಕ್ ಬರೀ ಕಾಂತಪಟ್ಟಿಯ ಕಾರ್ಡುಗಳನ್ನು ಬದಲಿಸಲು 2018ರ ಡಿಸೆಂಬರ್ 31ರ ಗಡುವು ಹಾಕಿತು. 2022ರ ಅಕ್ಟೋಬರ್‌ನಿಂದ ಆನ್‌ಲೈನ್ ಅಂಗಡಿಗಳು ನಮ್ಮ ಕಾರ್ಡ್ ಸಂಖ್ಯೆಯನ್ನು ಉಳಿಸಿಕೊಳ್ಳುವಂತಿಲ್ಲ. ಅದರ ಜಾಗದಲ್ಲಿ ಆ ಅಂಗಡಿಗೆ ಮಾತ್ರ ನಡೆಯುವ ಟೋಕನ್ ಇರುತ್ತದೆ.

ಆದರೆ ಬ್ಯಾಂಕಿನಲ್ಲಿರುವುದು ಕಾರ್ಡ್ ಸಂಖ್ಯೆ ಮಾತ್ರವಲ್ಲ. ಹಾಗಾಗಿ ಸೋರಿಕೆಯ ಸುದ್ದಿ ಬಂದ ಕೂಡಲೇ ಕೇಳಬೇಕಾದ ಪ್ರಶ್ನೆ: ಹೋದದ್ದು ಬದಲಿಸಬಹುದಾದ ಮಾಹಿತಿಯೋ, ಬದಲಿಸಲಾಗದ್ದೋ?

ಕಾರ್ಡ್ ಸಂಖ್ಯೆ, ಪಿನ್, ಪಾಸ್‌ವರ್ಡ್ ಬದಲಿಸಬಹುದಾದವು. ಅವನ್ನು ಅಂದೇ ಬದಲಿಸಿ. ಹಳೆಯ ಪಾಸ್‌ವರ್ಡನ್ನು ಬೇರೆಡೆ ಬಳಸಿದ್ದರೆ ಅಲ್ಲಿಯೂ ಬದಲಿಸಿ, ಇಮೇಲ್ ಖಾತೆಯದನ್ನು ಎಲ್ಲಕ್ಕಿಂತ ಮೊದಲು. ಹೊಸ ಕಾರ್ಡ್ ಬರುವವರೆಗೆ ಬ್ಯಾಂಕಿನ ಆ್ಯಪ್‌ನಲ್ಲಿ ಆನ್‌ಲೈನ್ ಮತ್ತು ವಿದೇಶಿ ವ್ಯವಹಾರಗಳನ್ನು ಆಫ್ ಮಾಡಿಡಬಹುದು.

ಹೆಸರು, ಜನ್ಮದಿನಾಂಕ, ಪ್ಯಾನ್, ಬೆರಳಚ್ಚು ಎರಡನೆಯ ಬಗೆಯವು. 2023ರಲ್ಲಿ ಕರ್ನಾಟಕದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಿಂದ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಬೆರಳನ್ನು ಬದಲಿಸಲಾಗದು, ಆದರೆ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು. ನಮ್ಮ ಹೆಸರಿನಲ್ಲಿ ಬೇರೆಯವರು ಸಾಲ ಎತ್ತಿದ್ದಾರೆಯೇ ಎಂದು ತಿಳಿಯಲು ಸಿಬಿಲ್‌ನಂಥ ಪ್ರತಿಯೊಂದು ಸಾಲ ಮಾಹಿತಿ ಸಂಸ್ಥೆಯಿಂದ ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ. ಇನ್ನೊಂದು ಅಪಾಯ ಫೋನ್ ಮೂಲಕ ಬರುವಂಥದ್ದು. ಕರೆ ಮಾಡಿದವರು ನಿಮ್ಮ ಜನ್ಮದಿನಾಂಕ, ಖಾತೆಯ ಶಾಖೆ ಎಲ್ಲವನ್ನೂ ಸರಿಯಾಗಿ ಹೇಳಿದರೂ ಅವರು ಬ್ಯಾಂಕಿನವರೇ ಎಂದು ನಂಬಬೇಡಿ. ಸೋರಿಕೆಯಾದ ಮಾಹಿತಿಯನ್ನೇ ಅವರು ಓದಿ ಹೇಳುತ್ತಿರಬಹುದು.

ಇನ್ನು ಹಣವೇ ಹೋಗಿದ್ದರೆ? 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಗ್ರಾಹಕರಿಗೆ ದೊಡ್ಡ ರಕ್ಷಣೆ ಕೊಟ್ಟಿತು. ಅದರಂತೆ, ತಪ್ಪು ಬ್ಯಾಂಕಿನದಾಗಿದ್ದರೆ ಗ್ರಾಹಕರ ಹೊಣೆ ಸೊನ್ನೆ, ದೂರು ಕೊಟ್ಟಿರಲಿ ಬಿಡಲಿ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಇದೆ ಎಂದಾದಾಗ, ಹಣ ಕಡಿತದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೂ ಹೊಣೆ ಸೊನ್ನೆಯೇ. ಸಂದೇಶ ಬಂದ ದಿನ ಲೆಕ್ಕಕ್ಕಿಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಗರಿಷ್ಠ 10,000 ರೂಪಾಯಿ. ಅದನ್ನೂ ಮೀರಿದರೆ ಆಯಾ ಬ್ಯಾಂಕಿನ ನೀತಿಯಂತೆ ತೀರ್ಮಾನ. ಒಟಿಪಿಯನ್ನು ನಾವೇ ಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ನಮ್ಮದು, ಆದರೆ ದೂರಿನ ನಂತರ ಹೋದ ಪ್ರತಿ ರೂಪಾಯಿಯೂ ಬ್ಯಾಂಕಿನ ಹೊಣೆ. ನಾಚಿಕೆಯಿಂದ ಸುಮ್ಮನಿರುವುದು ಎಷ್ಟು ದುಬಾರಿ ಎಂಬುದು ಇದರಿಂದಲೇ ತಿಳಿಯುತ್ತದೆ.

ದೂರು ಬಂದ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮೆ ಮಾಡಬೇಕು, 90 ದಿನಗಳಲ್ಲಿ ಇತ್ಯರ್ಥಪಡಿಸಬೇಕು ಎಂದೂ ಸುತ್ತೋಲೆ ಹೇಳಿತು. ಎಲ್ಲಕ್ಕಿಂತ ಮುಖ್ಯವಾಗಿ, ಗ್ರಾಹಕರದೇ ತಪ್ಪು ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನದು. "ಪಿನ್ ಸರಿಯಾಗಿಯೇ ಒತ್ತಿದ್ದಾರೆ, ಹಾಗಾಗಿ ನೀವೇ ತೆಗೆದಿದ್ದೀರಿ" ಎಂಬ ಉತ್ತರ ಬಂದರೆ ಪುರಾವೆಯನ್ನು ಲಿಖಿತವಾಗಿ ಕೇಳಿ. ಬರೀ ಬಾಯಿಮಾತಿನ ದೂರು ಸಾಲದು. ದೂರು ಸಂಖ್ಯೆ, ದಿನಾಂಕ, ಸಮಯ ಮೂರನ್ನೂ ಬರೆದಿಟ್ಟುಕೊಳ್ಳಿ. ಜೊತೆಗೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೂ ಖಾತೆಯಿಂದ ಖಾತೆಗೆ ಓಡುತ್ತಿರುವಾಗಲೇ ಅದನ್ನು ತಡೆಹಿಡಿಯಲು ಸಾಧ್ಯ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಇದಕ್ಕೆ ವಕೀಲರು ಬೇಕಿಲ್ಲ.

ಮಾಹಿತಿ ಸೋರಿಯೂ ಹಣ ಹೋಗದಿದ್ದಾಗ ಏನು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೋರಿಕೆಯಾದರೆ ಬಾಧಿತರಾದ ಪ್ರತಿಯೊಬ್ಬರಿಗೂ ಸಂಸ್ಥೆ ತಿಳಿಸಬೇಕು. ಭದ್ರತೆಯಲ್ಲಿ ಲೋಪವಿದ್ದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಯಾಗುತ್ತವೆ. ಆದರೆ ಆ ದಂಡ ಸೇರುವುದು ಸರ್ಕಾರದ ಬೊಕ್ಕಸಕ್ಕೆ, ಮಾಹಿತಿ ಕಳೆದುಕೊಂಡವರಿಗಲ್ಲ. ನಿರ್ಲಕ್ಷ್ಯದಿಂದ ನಷ್ಟವಾದವರಿಗೆ ಪರಿಹಾರ ಕೇಳಲು ದಾರಿಯಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಸೆಕ್ಷನ್ನನ್ನು ಹೊಸ ಕಾಯ್ದೆ ತೆಗೆದುಹಾಕುತ್ತದೆ. ಇದು ದೊಡ್ಡ ಕೊರತೆ, ಸಂಸತ್ತು ಸರಿಪಡಿಸಲೇಬೇಕಾದದ್ದು. ನಮ್ಮ ಹೆಸರು, ಜನ್ಮದಿನಾಂಕಗಳನ್ನು ಬ್ಯಾಂಕುಗಳು ಕೇಳಿದಾಗ ಇಲ್ಲವೆನ್ನುವ ಅವಕಾಶ ನಮಗಿರಲಿಲ್ಲ. ಕಡ್ಡಾಯವಾಗಿ ಪಡೆದದ್ದನ್ನು ಕಾಪಾಡಲಾರದವರು ಅದನ್ನು ಕೊಟ್ಟವರಿಗೇ ಉತ್ತರ ಹೇಳಬೇಕು, ಪರಿಹಾರವನ್ನೂ ಅವರಿಗೇ ಕೊಡಬೇಕು.