ಬೆತ್ತ ಕೆಳಗಿಟ್ಟ ಮೇಲೆ ಟೀಚರ್ ಏನು ಮಾಡಬೇಕು?

‘ಎಲುಬು ನಮ್ಮದು, ಮಾಂಸ ನಿಮ್ಮದು.’ ಮಗನನ್ನು ಉಸ್ತಾದರ ಕೈಗೆ ಒಪ್ಪಿಸುವಾಗ ಉರ್ದು ಮಾತನಾಡುವ ಮನೆಗಳಲ್ಲಿ ಹಿರಿಯರು ಹೇಳುತ್ತಿದ್ದ ಮಾತಿದು. ನಮ್ಮ ಕರಾವಳಿಯಲ್ಲೂ ‘ಮಾತು ಕೇಳದಿದ್ದರೆ ಎರಡು ಕೊಡಿ ಟೀಚರ್, ನಾವೇನೂ ಕೇಳುವುದಿಲ್ಲ’ ಎಂದು ಹೇಳಿ ಬರುವ ಉಪ್ಪ, ಉಮ್ಮಂದಿರಿಗೆ ಕಮ್ಮಿಯಿಲ್ಲ.

ಆದರೆ ಕಾನೂನು ಇದನ್ನು ಒಪ್ಪುವುದಿಲ್ಲ. 2010ರ ಎಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್, ಶಾಲೆಯಲ್ಲಿ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ. 2012ರ ತಿದ್ದುಪಡಿ ಮದ್ರಸಗಳನ್ನು ಈ ಕಾಯ್ದೆಯಿಂದ ಹೊರಗಿಟ್ಟದ್ದು ನಿಜ. ಹಾಗೆಂದು ಅಲ್ಲಿ ಹೊಡೆಯಬಹುದು ಎಂದಲ್ಲ. ಮಗುವಿನ ಹೊಣೆ ಹೊತ್ತವರು ಯಾರೇ ಆಗಲಿ, ಅದಕ್ಕೆ ಅನಗತ್ಯ ನೋವಾಗುವಂತೆ ಹಲ್ಲೆ ನಡೆಸಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಶಿಕ್ಷೆಯಿದೆ.

ಏಟಿನ ಪರಿಣಾಮ ಎಲ್ಲಿಗೆ ಮುಟ್ಟಬಹುದು ಎಂದು ತಿಳಿಯಲು ಬೆಂಗಳೂರಿನ ಪಕ್ಕದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ನೋಡಬೇಕು. ರೇಷ್ಮೆ ನೂಲು ತೆಗೆದು, ಮರದ ಬೊಂಬೆ ಮಾಡಿ ಬದುಕುವ ಎಷ್ಟೋ ಮುಸ್ಲಿಂ ಕುಟುಂಬಗಳು ಈ ಭಾಗದಲ್ಲಿವೆ. ರಾಮನಗರ, ಮಾಗಡಿಯ ರೇಷ್ಮೆ ಘಟಕಗಳಲ್ಲಿ ಮಕ್ಕಳ ದುಡಿಮೆ ಒಂದು ಕಾಲದಲ್ಲಿ ದೊಡ್ಡ ಪಿಡುಗಾಗಿತ್ತು. ಏಟಿಗೆ ಹೆದರಿ ಶಾಲೆ ತಪ್ಪಿಸಿದ ಹುಡುಗ ಇಂಥ ಊರಲ್ಲಿ ಕೆಲಸ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ.

ಟೀಚರ್ ಕಷ್ಟವೂ ಸಣ್ಣದಲ್ಲ. ನಲವತ್ತು ಮಕ್ಕಳ ಮುಂದೆ ನಿಂತವರಿಗೆ ‘ಬೆತ್ತ ಬಿಡಿ’ ಎಂದರೆ ಸಾಕೇ? ಬದಲಿಗೆ ಏನು ಮಾಡಬೇಕೆಂದು ಕಲಿಸಬೇಕಲ್ಲ? ತರಬೇತಿ ಬೇಕಿರುವುದು ಅದಕ್ಕೇ. ಕ್ಲಾಸಿನ ನಿಯಮಗಳನ್ನು ಮಕ್ಕಳ ಜೊತೆ ಕೂತು ಮಾಡುವುದು ಮೊದಲ ಪಾಠ. ತಾವೇ ಒಪ್ಪಿದ ನಿಯಮವನ್ನು ಮುರಿಯಲು ಮಕ್ಕಳಿಗೂ ಸಂಕೋಚ. ಪೆನ್ಸಿಲಿಗಾಗಿ ಇಬ್ಬರು ಹೊಡೆದಾಡಿಕೊಂಡರೆ ‘ತಪ್ಪು ಯಾರದ್ದು?’ ಎಂದು ಗದರಿಸುವುದಲ್ಲ. ಇಬ್ಬರಿಗೂ ಸರದಿಯಂತೆ ಮಾತನಾಡಲು ಬಿಡಬೇಕು; ಒಬ್ಬ ಹೇಳಿದ್ದನ್ನು ಇನ್ನೊಬ್ಬನ ಬಾಯಲ್ಲಿ ಹೇಳಿಸಬೇಕು; ಆಮೇಲೆ ‘ಈಗ ಇದನ್ನು ಸರಿ ಮಾಡುವುದು ಹೇಗೆ?’ ಎಂದು ಅವರನ್ನೇ ಕೇಳಬೇಕು. ಎಲ್ಲಕ್ಕಿಂತ ಕಷ್ಟದ ಪಾಠ ಟೀಚರ್ ತಮ್ಮ ಸಿಟ್ಟನ್ನು ತಾವೇ ಹಿಡಿದುಕೊಳ್ಳುವುದು.

ಶಿಕ್ಷಕರು ಕಲಿತರೆ ಕ್ಲಾಸು ಬದಲಾಗುತ್ತದೆ ಎನ್ನಲು ನಮ್ಮ ರಾಜ್ಯದಲ್ಲೇ ‘ನಲಿಕಲಿ’ಯ ಉದಾಹರಣೆಯಿದೆ. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ನೋಡಿ ಬಂದು ಶುರುಮಾಡಿದ ಪದ್ಧತಿಯಿದು. 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು, ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುವಾಗ ಹೊಡೆಯಲು ನೆಪವೇ ಕಡಿಮೆ.

ಪ್ರವಾದಿ(ಸ)ಯವರ ಸೇವೆಯಲ್ಲಿ ಹುಡುಗನಾಗಿ ಸೇರಿ ಹತ್ತು ವರ್ಷ ಕಳೆದ ಅನಸ್(ರ), ತನಗೆ ಒಮ್ಮೆಯೂ ‘ಛೆ’ ಎಂದದ್ದಿಲ್ಲ ಎಂದು ನೆನೆದದ್ದನ್ನು ನಾವು ಮದ್ರಸದಲ್ಲೇ ಕಲಿತವರು. ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ, ಮದ್ರಸ ಕಮಿಟಿಯಲ್ಲಿ ಶಿಕ್ಷಕರ ತರಬೇತಿಯ ವಿಷಯ ಎತ್ತಿ. ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ‘ಎರಡು ಕೊಡಿ’ ಎನ್ನುವ ಬದಲು, ‘ಮನೆಯಲ್ಲಿ ನಾವೇನು ಮಾಡಬೇಕು ಟೀಚರ್?’ ಎಂದು ಕೇಳೋಣ.