ನಕ್ಷೆಯ ಮೇಲಣ ವೃತ್ತಗಳು

ನಗರಗಳ ಜನಸಂಖ್ಯೆಯನ್ನು ಭೂಪಟದಲ್ಲಿ ವೃತ್ತಗಳಿಂದ ಸೂಚಿಸುವ ಕ್ರಮವು ವಾಚಕರಿಗೆ ಪರಿಚಿತವಾದುದೇ. ದೊಡ್ಡ ನಗರಕ್ಕೆ ದೊಡ್ಡ ವೃತ್ತ, ಸಣ್ಣದಕ್ಕೆ ಸಣ್ಣದು. ಆದರೆ ಎಷ್ಟು ದೊಡ್ಡದು? ತೊಡಕಿರುವುದು ಇಲ್ಲಿಯೇ.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. 2011ರ ಜನಗಣತಿಯ ಪ್ರಕಾರ, ಹೊರವಲಯಗಳೂ ಸೇರಿದಂತೆ, ಮೈಸೂರಿನ ಜನಸಂಖ್ಯೆ ಸುಮಾರು 9.9 ಲಕ್ಷ, ಬೆಂಗಳೂರಿನದು ಸುಮಾರು 85 ಲಕ್ಷ, ಎಂದರೆ ಮೈಸೂರಿನ 8.6 ಮಡಿ. ಮೈಸೂರಿಗೆ 1 ಸೆಂಟಿಮೀಟರ್ ತ್ರಿಜ್ಯದ ವೃತ್ತವನ್ನೆಳೆದ ವಿದ್ಯಾರ್ಥಿಯೊಬ್ಬನು ಬೆಂಗಳೂರಿಗಾಗಿ ಕೈವಾರವನ್ನು 8.6 ಸೆಂಟಿಮೀಟರಿಗೆ ಅಗಲಿಸಿದನೆನ್ನಿ. ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ನೋಡುವವನ ಕಣ್ಣಿಗೆ ಬೀಳುವುದು ತ್ರಿಜ್ಯವಲ್ಲ, ಬಣ್ಣ ತುಂಬಿದ ಜಾಗ. ವೃತ್ತದ ವಿಸ್ತೀರ್ಣವಾದರೋ ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 8.6ರ ವರ್ಗ ಸುಮಾರು 74. ಆ ಪಟವನ್ನು ನಂಬಿದರೆ ಬೆಂಗಳೂರಿನಲ್ಲಿ 7.3 ಕೋಟಿ ಜನರಿರಬೇಕು! ಅದೇ ಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆಯೇ 6.1 ಕೋಟಿ. ಅಂಕಿಯೊಂದನ್ನೂ ತಿದ್ದದೆಯೇ ಪಟವು ಸುಳ್ಳು ಹೇಳಿತು.

ಪರಿಹಾರ ಸುಲಭ. ತ್ರಿಜ್ಯವನ್ನು ಜನಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿ ಹಿಡಿಯಬೇಕು. 8.6ರ ವರ್ಗಮೂಲ 2.93, ಆದುದರಿಂದ ಬೆಂಗಳೂರಿಗೆ 3 ಸೆಂಟಿಮೀಟರಿಗೂ ತುಸು ಕಡಿಮೆ ತ್ರಿಜ್ಯ ಸಾಕು. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1801ರಲ್ಲಿಯೇ ಯೂರೋಪಿನ ದೇಶಗಳ ವಿಸ್ತಾರವನ್ನು ವೃತ್ತಗಳ ವಿಸ್ತೀರ್ಣದಿಂದ ತೋರಿಸಿದ್ದನು.

ವರ್ಗಮೂಲದ ಗೊಡವೆಯೇ ಬೇಡವೆನ್ನುವವರಿಗೆ ರೇಖಾಗಣಿತದ ದಾರಿಯೊಂದುಂಟು. ಮೊದಲ ವೃತ್ತದ ತ್ರಿಜ್ಯವನ್ನೇ ಬಾಹುವಾಗುಳ್ಳ ಚೌಕವನ್ನು ರಚಿಸಿರಿ. ಅದರ ಕರ್ಣವನ್ನು ತ್ರಿಜ್ಯವಾಗಿ ಹಿಡಿದರೆ ಇಮ್ಮಡಿ ವಿಸ್ತೀರ್ಣದ ವೃತ್ತ ದೊರೆಯುತ್ತದೆ. ಚೌಕದ ಕರ್ಣದ ಮೇಲೆ ರಚಿಸಿದ ಚೌಕವು ಇಮ್ಮಡಿಯೆಂಬುದನ್ನು ಯಜ್ಞವೇದಿಗಳನ್ನು ಅಳೆಯುತ್ತಿದ್ದ ಬೌಧಾಯನ ಶುಲ್ಬಸೂತ್ರದ ಕಾಲದವರೇ ಬಲ್ಲರು. ಆ ಕರ್ಣದ ತುದಿಯಲ್ಲಿ ಲಂಬವಾಗಿ ಮೂಲ ತ್ರಿಜ್ಯದಷ್ಟೇ ಉದ್ದದ ಗೆರೆಯನ್ನೆಳೆದು ಹೊಸ ಕರ್ಣವನ್ನು ಪಡೆದರೆ ಮುಮ್ಮಡಿ, ಹಾಗೆಯೇ ಮುಂದುವರಿಸಬಹುದು.

ಇಷ್ಟಾದರೂ ಕಣ್ಣು ಪೂರ್ಣವಾಗಿ ಒಪ್ಪುವುದಿಲ್ಲ. ದೊಡ್ಡ ವೃತ್ತಗಳನ್ನು ಜನರು ನಿಜಕ್ಕಿಂತ ಚಿಕ್ಕದಾಗಿ ಅಂದಾಜು ಮಾಡುತ್ತಾರೆಂದು ಜೇಮ್ಸ್ ಫ್ಲ್ಯಾನರಿ ಎಂಬ ಭೂಪಟತಜ್ಞನು ಪರೀಕ್ಷೆಗಳಿಂದ ಕಂಡು, ವರ್ಗಮೂಲದ, ಎಂದರೆ 0.5ರ, ಘಾತಕ್ಕೆ ಬದಲಾಗಿ ಸುಮಾರು 0.57ರ ಘಾತವನ್ನು 1971ರಲ್ಲಿ ಸೂಚಿಸಿದನು. ಆ ಪ್ರಕಾರ ಬೆಂಗಳೂರಿನ ತ್ರಿಜ್ಯ 3.4 ಸೆಂಟಿಮೀಟರ್, ವಿಸ್ತೀರ್ಣ ಮೈಸೂರಿನ 11 ಮಡಿಗೂ ಹೆಚ್ಚು. ಕಣ್ಣಿನ ದೋಷವನ್ನು ಸರಿದೂಗಿಸಲು ಪಟವನ್ನೇ ಕೊಂಚ ಕೆಡಿಸುವ ಈ ಉಪಾಯ ನನಗಂತೂ ರುಚಿಸದು. ವಿಸ್ತೀರ್ಣವನ್ನು ಸರಿಯಾಗಿಯೇ ಉಳಿಸಿಕೊಂಡು, ಪಟದ ಮೂಲೆಯಲ್ಲಿ 5 ಲಕ್ಷ, 10 ಲಕ್ಷ, 50 ಲಕ್ಷಗಳ ಮಾದರಿ ವೃತ್ತಗಳನ್ನು ಸಂಖ್ಯೆಗಳೊಡನೆ ಬಿಡಿಸಿಟ್ಟರೆ, ನೋಡುವವನು ತಾನೇ ಹೋಲಿಸಿಕೊಳ್ಳುತ್ತಾನೆ.